ನೈಸ್ ಹುಡುಗಿ

ನಾವು ಒಳಗೆ ಹೋದ ಕೂಡಲೇ ಹೊರಗಿನಿಂದ ಬೀಗ ಹಾಕಿದರು. ಹಾರೋಹಳ್ಳಿಯ ಹೊಸ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅದು ನನ್ನ ಮೊದಲ ದಿನ. ಗದಗದ ನಮ್ಮ ಮನೆಯಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದ್ದೇ ಇಲ್ಲ. ಇಲ್ಲಿ ಶಿಫ್ಟ್ ಮುಗಿಯುವವರೆಗೆ ಬಿಸಿಲೂ ಕಾಣುತ್ತಿರಲಿಲ್ಲ.

ಪಕ್ಕದ ಮಷಿನ್ನಿನ ಜಯಮ್ಮ ಕನಕಪುರದ ಕಡೆಯವಳು. ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ನಾನು ರೊಟ್ಟಿ ಬಡಿದರೆ ಅವಳು ಮುದ್ದೆ ಕಟ್ಟುತ್ತಿದ್ದಳು. ಅವಳ 'ಒಸಿ' ಎಂದರೆ ನಮ್ಮ 'ಸ್ವಲ್ಪ' ಎಂದು ತಿಳಿಯುವಷ್ಟರಲ್ಲಿ ಮಳೆಗಾಲ ಬಂತು.

ಆಗ ಊರಿಂದ ಫೋನ್: ಅವ್ವ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ರಜೆ ಕೇಳಿದೆ. ಸೂಪರ್‌ವೈಸರ್ ನಕ್ಕ.

"ನೀನು ನೈಸ್ ಹುಡುಗಿ ಕಣಮ್ಮ. ಬೇರೆಯವರಂಗೆ ಎದುರು ಮಾತಾಡಲ್ಲ. ಈ ಆರ್ಡರ್ ಒಂದು ಮುಗೀಲಿ, ಆಮೇಲೆ ಹೋಗೀವಂತೆ."

ನನಗೆ ಖುಷಿಯೇ ಆಯಿತು. ಈ ಊರಲ್ಲಿ ಅದುವರೆಗೆ ಯಾರೂ ನನ್ನನ್ನು ಹೊಗಳಿರಲಿಲ್ಲ. ಆರ್ಡರ್ ಮುಗಿಯಿತು, ಇನ್ನೊಂದು ಬಂತು. ಅವನು ಮತ್ತೆ ನೈಸ್ ಎಂದ.

"ನಿನ್ನ ನೈಸ್ ಮಾಡ್ತಾವ್ನೆ ಕಣವ್ವ," ಎಂದಳು ಜಯಮ್ಮ. ಹಾಗೆಂದರೆ ಹೊಗಳಿ, ಬೆನ್ನು ಸವರಿ ಕೆಲಸ ಮಾಡಿಸಿಕೊಳ್ಳುವುದಂತೆ. ನಮ್ಮ ಕಡೆ ಹಿಟ್ಟನ್ನು ನೈಸಾಗಿ ಬೀಸುತ್ತಾರೆ, ನನಗೆ ಅಷ್ಟೇ ಗೊತ್ತಿತ್ತು.

ಮನೆ ಓನರ್ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಭಾನುವಾರ ನಡೆದದ್ದನ್ನೆಲ್ಲ ಹೇಳಿ, ನೈಸ್ ಎಂದರೇನೆಂದು ಅವರನ್ನೇ ಕೇಳಿದೆ.

"ಲ್ಯಾಟಿನ್ನಿಂದ ಬಂದ ಪದ ಕಣಮ್ಮ. ಏನೂ ಅರಿಯದವನು ಅಂತ ಅರ್ಥ. ಫ್ರೆಂಚಿಗೆ ಬಂದಾಗ ಪೆದ್ದ ಅಂತಾಯ್ತು. ಇಂಗ್ಲಿಷ್ನೋರೂ ಮೊದಮೊದಲು ಪೆದ್ದರಿಗೇ ನೈಸ್ ಅಂತಿದ್ರು. ಆಮೇಲೆ ನಾಚಿಕೆಯೋರಿಗೆ, ನಾಜೂಕಿನೋರಿಗೆ ಅಂದ್ರು. ಒಳ್ಳೇದು ಅನ್ನೋ ಅರ್ಥ ಬಂದಿದ್ದು ಬಹಳ ತಡವಾಗಿ."

"ಹಂಗಾರ ನಾ ಪೆದ್ದೀ ಏನ್ರಿ ಸರ?"

ಮೇಷ್ಟ್ರು ನಗಲಿಲ್ಲ. "ತಾಯಿ ಬಿದ್ದವ್ರೆ. ನೀನಿನ್ನೂ ಇಲ್ಲೇ ಇದ್ದೀಯಲ್ಲಮ್ಮ."

ಮರುದಿನ ಸೂಪರ್‌ವೈಸರ್ ಮುಂದೆ ನಿಂತೆ. "ರಜಾ ಕೊಡ್ರಿ. ಇಲ್ಲಾಂದ್ರ ಹಂಗೇ ಹೊಂಟೆ."

"ಹೋದ್ರೆ ನಿನ್ ಮಷಿನ್ನು ಬೇರೆಯವರಿಗೆ," ಎಂದ. ಈ ಸಲ ನಗಲಿಲ್ಲ. ಬಾಗಿಲು ಬಡಿದೆ, ಕಾವಲುಗಾರ ತೆಗೆಯಲಿಲ್ಲ. ನಾನು ಅಲ್ಲಿಂದ ಕದಲಲಿಲ್ಲ. ಜಯಮ್ಮ ಎದ್ದು ಬಂದು ನನ್ನ ಪಕ್ಕ ನಿಂತಳು.

"ಬೀಗ ತಗಿಯಣ್ಣ. ಅವ್ರವ್ವ ಬಿದ್ಬುಟ್ಟವ್ರೆ."

ಹಿಂದೆ ಒಂದೊಂದೇ ಮಷಿನ್ ಸದ್ದು ನಿಂತಿತು. ಆಮೇಲೆ ಬೀಗ ತೆಗೆದರು.

ಅವ್ವ ಗೋಡೆ ಹಿಡಿದು ನಡೆಯುವವರೆಗೆ ಊರಲ್ಲಿದ್ದೆ. ಮರಳಿದಾಗ ಮಷಿನ್ ಹೋಗಿತ್ತು. ಈಗ ಪ್ಯಾಕಿಂಗಿನಲ್ಲಿ ದಿನವಿಡೀ ನಿಂತೇ ಕೆಲಸ. ಬೇರೆ ಕಾರ್ಖಾನೆಗಳನ್ನೂ ವಿಚಾರಿಸಿದೆ, ಅಲ್ಲಿನ ಬಾಗಿಲುಗಳೂ ಇಂಥವೇ.

ಗದಗದಿಂದ ಹೊರಡುವ ದಿನ ಅವ್ವ, "ನಿಮ್ಮೂರಿಗೆ ಬಸ್ ಎಷ್ಟಕ್ಕೈತಿ?" ಎಂದು ಕೇಳಿದ್ದಳು. ಹಾರೋಹಳ್ಳಿಯಲ್ಲಿ ಇಳಿದರೆ ಜಯಮ್ಮ, "ನಿಮ್ಮೂರಲ್ಲಿ ಎಲ್ಲಾರೂ ಚೆಂದಾಗವ್ರಾ?" ಎಂದಳು. ಇಬ್ಬರಿಗೂ ಉತ್ತರ ಕೊಟ್ಟೆ. ಅದು ನಮ್ಮೂರಲ್ಲ ಎನ್ನಲು ಎರಡೂ ಕಡೆ ಬಾಯಿ ಬರಲಿಲ್ಲ.