ಅವ್ವನ ಬುದ್ಧಿ ನೆಟ್ಟಗಿದೆಯೇ

ಸಕ್ಕರೆ ಕಾಯಿಲೆಯಿಂದ ಅವ್ವನ ಬಲಗಾಲು ಪಾದದಿಂದ ಮೇಲಕ್ಕೆ ಕಪ್ಪಾಗುತ್ತಾ ಬಂದಿತ್ತು. ಮೊಣಕಾಲಿನ ಕೆಳಗೆ ತೆಗೆದರೆ ಜೀವ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಅರಸೀಕೆರೆಯ ಆಸ್ಪತ್ರೆಯಲ್ಲಿ ಹೇಳಿದರು. ಅವ್ವ ಬೇಡವೆಂದಳು. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ನಮ್ಮೂರು ಜಾವಗಲ್ಲಿಗೆಲ್ಲ ಗೊತ್ತು.

"ವಯಸ್ಸಾಗೈತೆ ಡಾಕ್ಟ್ರೇ, ಬುದ್ಧಿ ನೆಟ್ಟಗಿಲ್ಲ. ನಾವು ಹೂಂ ಅಂತೀವಲ್ಲ, ತೆಗೀರಿ" ಎಂದು ಅಣ್ಣ ಅಂದ. ಬುದ್ಧಿ ನೆಟ್ಟಗಿರುವವರು ಬೇಡವೆಂದರೆ ಯಾರೂ ಮುಟ್ಟುವಂತಿಲ್ಲ, ಮೊದಲು ಅದನ್ನು ನೋಡಬೇಕು ಎಂದು ಮನೋವೈದ್ಯರನ್ನು ಕರೆಸಿದರು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಮೆದುಮಾತಿನವರು. ಇದು ಯಾವ ಊರು, ಯಾವ ತಿಂಗಳು ಎಂದೆಲ್ಲ ಕೇಳಿದರು. ಅವ್ವ ಬೇಸರದಿಂದಲೇ ಹೇಳಿದಳು.

"ಅಜ್ಜಿ, ಹತ್ತರವರೆಗೆ ಎಣಿಸಿ ನೋಡೋಣ."

"ಲಾಭ, ಎರಡು, ಮೂರು, ನಾಕು..."

"ಮೊದಲಿಂದ ಹೇಳಿ ಅಜ್ಜಿ."

"ಲಾಭ, ಎರಡು..."

ಡಾಕ್ಟರ ಮುಖ ಸಪ್ಪಗಾಯಿತು. ನಮ್ಮ ಕಡೆ ರಾಗಿ ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಮನೆಗೆ ಒಳ್ಳೆಯದಾಗಲಿ ಎಂದು ಲಾಭ ಎನ್ನುತ್ತೇವೆ. ಅವ್ವ ಶಾಲೆಯ ಮುಖ ಕಂಡವಳಲ್ಲ, ಎಣಿಕೆ ಕಲಿತದ್ದೆಲ್ಲ ಕಣದಲ್ಲೇ. ಡಾಕ್ಟರಿಗೆ ಇದು ಗೊತ್ತಿರಲಿಲ್ಲ. ಅಣ್ಣನಿಗೂ ನನಗೂ ಗೊತ್ತಿತ್ತು. ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದರೆ ಕಾಲು ಹೋಗುತ್ತಿತ್ತು, ಅವ್ವ ಉಳಿಯುತ್ತಿದ್ದಳು.

"ಸುಮ್ಕಿರೇ" ಎಂದು ಅಣ್ಣ ಮೆಲ್ಲಗೆ ತಿವಿದ. ಸುಮ್ಮನಿರಬೇಕೆಂದೇ ನಾನೂ ತುಟಿ ಕಚ್ಚಿಕೊಂಡಿದ್ದೆ. ಅಷ್ಟರಲ್ಲಿ ಆ ಡಾಕ್ಟರು ಅವ್ವನತ್ತ ನೋಡಿ, ಅಯ್ಯೋ ಪಾಪ ಎನ್ನುವಂತೆ ನಕ್ಕರು ನೋಡಿ, ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮವ್ವ ಯಾರಿಂದಲೂ ಪಾಪ ಅನ್ನಿಸಿಕೊಂಡವಳಲ್ಲ.

"ಸರಿಯಾಗೇ ಎಣಿಸ್ತಾವ್ಳೆ ಕಣ್ರೀ ನಮ್ಮವ್ವ!" ಎಂದುಬಿಟ್ಟೆ. ಲಾಭ ಎಂದರೇನೆಂದೂ ಹೇಳಿದೆ.

ಅವರು ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. "ಕಾಲು ತೆಗೀದೆ ಇದ್ರೆ ಏನಾಗುತ್ತೆ ಗೊತ್ತಾ ಅಜ್ಜಿ?"

"ಸಾಯ್ತೀನಿ. ಗೊತ್ತೈತೆ."

"ತೆಗೆದ್ರೆ?"

"ಬದುಕ್ತೀನಿ. ಇನ್ನೊಬ್ರು ಎತ್ತಿ ಕೂರಿಸ್ಬೇಕು, ಇನ್ನೊಬ್ರು ತೊಳೀಬೇಕು. ನಂಗೆ ಬ್ಯಾಡ ಕಣಪ್ಪ."

ಡಾಕ್ಟರು ನಮ್ಮತ್ತ ತಿರುಗಿ, ಇವರ ಬುದ್ಧಿ ನೆಟ್ಟಗಿದೆ, ತೀರ್ಮಾನ ಇವರದೇ ಎಂದರು. ಅಣ್ಣ ನನ್ನ ಮುಖವನ್ನೂ ನೋಡದೆ ಎದ್ದು ಹೊರಗೆ ಹೋದ. ಅವ್ವ ನನ್ನ ಕೈ ಹಿಡಿದುಕೊಂಡು, "ನೀನೊಬ್ಳಾದ್ರೂ ನನ್ ಕಡೀಗಿದ್ದೆ ಕಣೇ" ಎಂದಳು.

ಅವಳ ಕಡೆಗೆ ನಾನಿರಲಿಲ್ಲ. ನನಗೆ ಅವ್ವ ಬದುಕಬೇಕಿತ್ತು.