ಕೈ ಕೇಳದ ಐದು ಸರ್ವ್

ನಾನು ತಿಪಟೂರಿನಲ್ಲಿ ಕಾಲೇಜು ಸೇರಿದ ವರ್ಷ ಹುಡುಗಿಯರ ಕೋಣೆಗೆ ಹಳೆಯದೊಂದು ಟೇಬಲ್ ಟೆನಿಸ್ ಮೇಜು ಬಂತು. ಆಡಲು ಮುಂದೆ ಬಂದವರು ಇಬ್ಬರೇ. ಬಿಳಿಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು, ಮತ್ತು ನನಗಿಂತ ಒಂದು ವರ್ಷ ದೊಡ್ಡವಳಾದ, ಕೊಬ್ಬರಿ ವ್ಯಾಪಾರಿಯೊಬ್ಬರ ಮಗಳು. ಹಾಗಾಗಿ ಡಬಲ್ಸ್‌ಗೆ ನಾವೇ ಜೋಡಿಯಾದೆವು.

ಬಂದ ಚೆಂಡನ್ನು ಹೇಗೋ ಹೊಡೆಯುತ್ತಿದ್ದೆ. ಸರ್ವ್ ಮಾತ್ರ ಬರುತ್ತಿರಲಿಲ್ಲ. ಎಡ ಅಂಗೈ ಬಿಚ್ಚಿ ಚೆಂಡನ್ನು ಮೇಲಕ್ಕೆ ಚಿಮ್ಮಬೇಕು, ಇಳಿಯುವಾಗ ಬ್ಯಾಟು ತಾಕಿಸಬೇಕು, ಅಷ್ಟೇ. ಆದರೆ ಯಾರೋ ನೋಡುತ್ತಿದ್ದಾರೆ ಅನ್ನಿಸಿದ ಕೂಡಲೇ ಅಂಗೈ ಬೆವರುತ್ತಿತ್ತು, ಚೆಂಡು ಓರೆಯಾಗಿ ಎದ್ದು ನೆಟ್ಟಿಗೆ ಬೀಳುತ್ತಿತ್ತು.

ಅವಳು ಆಚೆ ಮೂಲೆಯಲ್ಲಿ ಕರ್ಚೀಫು ಹಾಸಿ, "ಅದರ ಮೇಲೆ ಬೀಳ್ಸು. ನನ್ನ ಮುಖ ನೋಡ್ಬೇಡ ಕಣೇ, ಚೆಂಡು ನೋಡು," ಅನ್ನುತ್ತಿದ್ದಳು. ಒಮ್ಮೆಯೂ ರೇಗಲಿಲ್ಲ. ಮನೆಯಲ್ಲಿ ನಾನು ಕೊಬ್ಬರಿ ಅಟ್ಟದ ಕೆಳಗೆ ಹಳೆಯ ಬಾಗಿಲೊಂದನ್ನು ಮೂಟೆಗಳ ಮೇಲೆ ಮಲಗಿಸಿಕೊಂಡು ಕಲಿಯುತ್ತಿದ್ದೆ. ಚೆಂಡು ಕಾಯಿರಾಶಿಯೊಳಗೆ ನುಸುಳಿದರೆ ಹುಡುಕುವುದರಲ್ಲೇ ಸಂಜೆ ಮುಗಿಯುತ್ತಿತ್ತು. "ಅದೇನೇ ಅದು ಲೊಟಕ್ ಲೊಟಕ್ ಅಂತ?" ಎಂದು ಅವ್ವ ಒಳಗಿನಿಂದ ಕೇಳುತ್ತಿದ್ದಳು. ಒಬ್ಬಳೇ ಇದ್ದಾಗ ಹತ್ತಕ್ಕೆ ಎಂಟು ಸರಿ ಬೀಳುತ್ತಿದ್ದವು.

ಅಷ್ಟರಲ್ಲಿ ಅವಳಿಗೆ ದಂಡಿನಶಿವರದ ಕಡೆಯ ಗಂಡು ಗೊತ್ತಾಯಿತು. ತುಮಕೂರಿನಲ್ಲಿ ನಡೆಯಲಿದ್ದ ಕಾಲೇಜುಗಳ ಪಂದ್ಯ ಮುಗಿದ ವಾರಕ್ಕೆ ಮದುವೆ. ಅದೊಂದು ಪಂದ್ಯಕ್ಕೆ ಅವಳ ಅಪ್ಪ ಒಪ್ಪಿ, ತಾವೂ ನಮ್ಮ ಜೊತೆ ರೈಲು ಹತ್ತಿದರು. "ಒಂದಾದ್ರೂ ಗೆದ್ದು ಹೋಗ್ಬೇಕು ಕಣೇ," ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು.

ಮೊದಲೆರಡು ಆಟದಲ್ಲಿ ಒಂದು ನಮಗೆ, ಒಂದು ಅವರಿಗೆ. ಮೂರನೆಯದರಲ್ಲಿ ನಾವು ಹದಿನಾರು, ಅವರು ಹದಿನಾಲ್ಕು. ಆಗಿನ ನಿಯಮದಲ್ಲಿ ಸರದಿಗೆ ಐದು ಸರ್ವ್, ಆ ಐದು ನನ್ನ ಪಾಲಿಗೆ ಬಂದವು.

ಮೊದಲನೆಯದು ನೆಟ್ಟಿಗೆ ಹೋಯಿತು. ಎರಡನೆಯದೂ ಅಲ್ಲಿಗೇ. ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡೆ. ಮೂರನೆಯದು ಮೇಜನ್ನೇ ಮುಟ್ಟಲಿಲ್ಲ. "ನಿಧಾನ," ಎಂದಳು ಅವಳು. ನನ್ನ ಕೈ ನನ್ನದೇ ಅನ್ನಿಸಲಿಲ್ಲ. ಬಿಟ್ಟುಬಿಡುತ್ತೇನೆ, ಬೇರೆ ಯಾರಾದರೂ ಹಾಕಲಿ ಎಂದು ಕೂಗಬೇಕೆನಿಸಿತು. ಹಾಗೆ ಯಾರೂ ಹಾಕುವಂತಿರಲಿಲ್ಲ. ನಾಲ್ಕು, ಐದು, ಎರಡೂ ಹೋದವು. ಎದುರಾಳಿಗಳಿಗೆ ಹತ್ತೊಂಬತ್ತಾಯಿತು. ಆಮೇಲೆ ಅವಳು ಒಬ್ಬಳೇ ಎರಡು ಪಾಯಿಂಟು ಎಳೆದು ತಂದಳು. ಸಾಲದೇ ಹೋಯಿತು, ಅವರು ಇಪ್ಪತ್ತೊಂದು ಮುಟ್ಟಿ ಗೆದ್ದರು.

ಅವಳ ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಗುತ್ತಾ ಬಂದರು. ಮಗಳು ಆಡುವುದನ್ನು ಅವರು ನೋಡಿದ್ದು ಅದೇ ಮೊದಲು.

"ಚೆಂದಾಗಿ ಆಡಿದ್ರಿ ಕಣ್ರಮ್ಮ. ಗೆದ್ದೋರು ಯಾರು?"

"ಅವರು ಕಣಪ್ಪ," ಎಂದಳು.

"ಹೋಗ್ಲಿ ಬುಡು. ದೋಸೆ ತಿಂತೀರಾ?"

ನಾನು ದೋಸೆಯನ್ನು ಚೂರು ಮಾಡುತ್ತಾ ಕೂತೆ. ಅವಳು ತನ್ನದನ್ನು ಪೂರ್ತಿ ತಿಂದಳು. ಕಣ್ಣಿನ ಸುತ್ತ ಮಾತ್ರ ಕೆಂಪಾಗಿತ್ತು. ಕ್ಷಮಿಸು ಅನ್ನಲು ನಾಲ್ಕು ಸಲ ಬಾಯಿ ತೆರೆದೆ. ಪ್ರತಿ ಸಲವೂ ಅವಳ ಅಪ್ಪ ಮದುವೆಯ ವಿಷಯ ಏನಾದರೂ ಹೇಳುತ್ತಿದ್ದರು.

ಬೇಸಿಗೆಯ ಹೊತ್ತಿಗೆ, ಜನ ಸುತ್ತ ನಿಂತರೂ ನನ್ನ ಸರ್ವ್ ತಪ್ಪುತ್ತಿರಲಿಲ್ಲ. ಹೇಗೆ ಬಂತೋ ನನಗೇ ಗೊತ್ತಿಲ್ಲ. ಮುಂದಿನ ವರ್ಷ ಜೋಡಿಗೆ ಯಾರೂ ಸಿಗದೆ ನಾನು ಪಂದ್ಯಕ್ಕೆ ಹೆಸರನ್ನೇ ಕೊಡಲಿಲ್ಲ. ತವರಿಗೆ ಬಾಣಂತನಕ್ಕೆ ಬಂದಿದ್ದ ಅವಳನ್ನು ನೋಡಲು ಹೋದಾಗ ಸರ್ವ್ ಬಂದದ್ದನ್ನು ಹೇಳಿದೆ.

"ಈಗ ಬತ್ತದಾ?" ಎಂದಳು. ಅವಳ ಮುಖ ಅರಳಿತು, ಆಮೇಲೆ ಬಾಡಿತು. ಮಗು ಎದ್ದು ಅಳತೊಡಗಿತು, ಅವಳು ಅದನ್ನು ಎತ್ತಿಕೊಳ್ಳಲು ಹೋದಳು.