ತಿರುಗಿ ಹೇಳ್ರಿ, ಆಚಾರ್ರ

ಗಾದಿಲಿಂಗಪ್ಪನವರನ್ನು ನಾನು ಹನ್ನೊಂದು ವರ್ಷ ಬರೀ ಕಿವಿಯಿಂದ ಬಲ್ಲವನಾಗಿದ್ದೆ. ಅಷ್ಟು ವರ್ಷದಲ್ಲಿ ಅವರ ದನಿಗೆ ತಕ್ಕ ಮೈಯೊಂದನ್ನು ನಾನೇ ಕಲ್ಪಿಸಿಕೊಂಡಿದ್ದೆ: ಆರಡಿ ಎತ್ತರ, ದಪ್ಪ ಮೀಸೆ, ಕೈಯಲ್ಲೊಂದು ಬಡಿಗೆ. ಕಡೆಗೆ ಕಣ್ಣಿಗೆ ಬಿದ್ದಾಗ ನೋಡಿದರೆ ನನ್ನ ಹೆಗಲಿಗೂ ಬರದ ಆಳು. ಮೀಸೆಯೂ ಇರಲಿಲ್ಲ. ಆ ದನಿಯನ್ನು ಅಷ್ಟು ಸಣ್ಣ ಮೈಯಲ್ಲಿ ಎಲ್ಲಿ ಇಟ್ಟುಕೊಂಡಿದ್ದರೋ ನನಗೆ ಇವತ್ತಿಗೂ ತಿಳಿದಿಲ್ಲ.

ಅವರು ಕಂಪ್ಲಿ ಕಡೆಯ ಕಾಲುವೆ ಚೌಕಿಯಲ್ಲಿ ನೀರಿನ ಮಟ್ಟ ನೋಡುವವರು, ನಾನು ಹೊಸಪೇಟೆಯ ಆಫೀಸಿನಲ್ಲಿ ಕೂತು ಆ ಮಟ್ಟವನ್ನು ಬರೆದುಕೊಳ್ಳುವವನು. ನಮ್ಮಿಬ್ಬರ ನಡುವೆ ಅರ್ಧ ದಿನ ಹರಿಯುವಷ್ಟು ಕಾಲುವೆ, ಅದರ ಏರಿಗುಂಟ ಇಲಾಖೆಯದೇ ಒಂದು ಟೆಲಿಫೋನ್ ತಂತಿ. ತಂತಿ ಒಂದು, ಫೋನು ಆರು. ಯಾರು ಹಿಡಿಕೆ ತಿರುವಿದರೂ ಆರೂ ಕಡೆ ಗಂಟೆ ಬಡಿಯುತ್ತಿತ್ತು. ಒಂದು ಉದ್ದ ಗಂಟೆ ಹೊಸಪೇಟೆಗೆ, ಎರಡು ಗಿಡ್ಡ ಗಂಟೆ ಕಂಪ್ಲಿಗೆ, ಹೀಗೆ ಒಂದು ಲೆಕ್ಕವಿತ್ತು. ಗಂಟೆ ಯಾರದೇ ಆಗಿರಲಿ, ಎಲ್ಲರೂ ಎತ್ತಿ ಕಿವಿಗಿಟ್ಟುಕೊಳ್ಳುತ್ತಿದ್ದರು. ಕೇಳುವವರು ಹೆಚ್ಚಿದಷ್ಟೂ ದನಿ ಸಣ್ಣದಾಗುತ್ತಿತ್ತು, ದನಿ ಸಣ್ಣದಾದಷ್ಟೂ ನಾವು ಕೂಗುತ್ತಿದ್ದೆವು. ಈಗಿನವರು ಮೊಬೈಲಿನಲ್ಲಿ ಗುಂಪು ಕಟ್ಟಿಕೊಂಡು ಚುನಾವಣೆ ಬಂತೆಂದರೆ ಬೈದಾಡುತ್ತಾರಲ್ಲ, ಅದನ್ನು ನಾವು ಆ ತಂತಿಯಲ್ಲಿ ಆಗಲೇ ಮಾಡಿ ಮುಗಿಸಿದ್ದೆವು.

ದಿನಾ ಬೆಳಿಗ್ಗೆ ಆರಕ್ಕೆ ಅವರ ಗಂಟೆ. ಮಟ್ಟ ಹೇಳುವುದು, ನಾನು ಅದನ್ನು ತಿರುಗಿ ಹೇಳುವುದು, ಅದು ಸರಿಯಿದ್ದರೆ ಅವರು "ಬರೋಬ್ಬರಿ" ಅನ್ನುವುದು. ತಪ್ಪು ಆಗಬಾರದೆಂದು ಇಲಾಖೆಯೇ ಮಾಡಿದ ಕ್ರಮ ಅದು. ಉಳಿದ ಚೌಕಿಯವರು ಅದನ್ನು ಆರು ಗಂಟೆಗೆ ಮಾತ್ರ ಪಾಲಿಸುತ್ತಿದ್ದರು. ಗಾದಿಲಿಂಗಪ್ಪನವರು ಇಡೀ ದಿನ ಪಾಲಿಸುತ್ತಿದ್ದರು. ಬಸ್ಸಿನ ಕಂಡಕ್ಟರು ಊರಿನ ಹೆಸರು ಕೂಗಿದರೆ ಇವರೂ ಒಮ್ಮೆ ಕೂಗುತ್ತಿದ್ದರಂತೆ. ಮನೆಯಲ್ಲಿ ಹೆಂಡತಿ ಉಪ್ಪು ತನ್ನಿ ಅಂದರೆ, "ಉಪ್ಪು ತರಬೇಕು. ಬರೋಬ್ಬರಿ ಐತಿಲ್ಲ?" ಎಂದು ಕೇಳಿಕೊಂಡು ಹೊರಗೆ ಬಿದ್ದು, ಉಪ್ಪು ಮರೆತು ಬರುತ್ತಿದ್ದರಂತೆ.

ಕಾಲುವೆ ಬಂದು ಗದ್ದೆಗಳಲ್ಲಿ ಎರಡೆರಡು ಬೆಳೆ ಬರತೊಡಗಿದ ಮೇಲೆ ನಮ್ಮ ಕಡೆಯ ಜನಕ್ಕೆ ರಾಜಕೀಯಕ್ಕೆ ಪುರಸೊತ್ತು ಸಿಕ್ಕಿತ್ತು. ನಮ್ಮಿಬ್ಬರ ಪಕ್ಷ ಬೇರೆ ಬೇರೆ. ಹೆಸರು ಹೇಳುವುದಿಲ್ಲ, ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲಿಗೇ ಎದ್ದು ಹೋಗುತ್ತಾರೆ. ಜಗಳದ ಬೇರು ಮಾತ್ರ ಗದ್ದೆಯಲ್ಲಿತ್ತು. ಉಳುವವರಿಗೇ ಭೂಮಿ ಎಂದು ಕಾನೂನು ಬಂದಾಗ ನಮ್ಮ ಮನೆಯ ನಾಲ್ಕು ಎಕರೆ ಹೋಯಿತು. ಅದೇ ಕಾನೂನಿನಲ್ಲಿ ಗಾದಿಲಿಂಗಪ್ಪನವರ ಅಣ್ಣನಿಗೆ ಮೂರು ಎಕರೆ ಬಂತು. ಅದು ನಮ್ಮ ಗದ್ದೆಯಲ್ಲ, ಬೇರೆ ಯಾರದೋ. ಆದರೂ ಚುನಾವಣೆ ಹತ್ತಿರ ಬಂದಾಗಲೆಲ್ಲ ನನಗೆ ಅದು ನಮ್ಮದೇ ಗದ್ದೆಯೇನೋ ಅನ್ನಿಸುತ್ತಿತ್ತು.

ಅಂಥದೊಂದು ಚುನಾವಣೆಯಲ್ಲಿ, ಒಂದು ಸಂಜೆ, ಲೈನಿನಲ್ಲಿ ಮಾತಿಗೆ ಮಾತು ಬೆಳೆಯಿತು.

"ದುಡಿದೋರಿಗೆ ಹೊಲ ಹೋದ್ರ ತಪ್ಪೇನೈತ್ರಿ ಆಚಾರ್ರ? ಕುಂತು ಉಣ್ಣೋರು ಎಷ್ಟು ದಿನ ಅಂತ ಉಣ್ತೀರಿ?" ಅಂದರು.

ನಾನು ಬೆಳಿಗ್ಗೆ ಐದಕ್ಕೆ ಎದ್ದು ಸೈಕಲ್ ತುಳಿದು ಕೆಲಸಕ್ಕೆ ಬರುವವನು. ಕುಂತು ಉಣ್ಣುವವನು ಅನ್ನಿಸಿಕೊಂಡು ಫೋನು ಕುಕ್ಕಿಬಿಟ್ಟೆ. ಲೈನಿನಲ್ಲಿ ಎಲ್ಲಿಂದಲೋ ಕೆಮ್ಮು ಕೇಳಿಸಿತ್ತು. ಅದು ನಡುವಿನ ಚೌಕಿಯ ಹುಸೇನಪ್ಪನದು. ಅವನು ಮಾತಾಡಿದ್ದು ನಾನು ಕೇಳಿದ್ದು ಕಡಿಮೆ, ಕದ್ದು ಕೇಳುವಾಗ ಕೆಮ್ಮಿದ್ದೇ ಹೆಚ್ಚು.

ಮಾರನೆಯ ಬೆಳಿಗ್ಗೆ ಆರಕ್ಕೆ ಗಂಟೆ ಬಂತು. ಗಾದಿಲಿಂಗಪ್ಪನವರು ಮಟ್ಟ ಹೇಳಿದರು. ನಾನು ಬರೆದುಕೊಂಡೆ, ತಿರುಗಿ ಹೇಳಲಿಲ್ಲ. "ಆಚಾರ್ರ, ಇನ್ನೊಂದು..." ಅಂದರು. ಇಟ್ಟುಬಿಟ್ಟೆ. ಮತ್ತೆ ಗಂಟೆ ಬಡಿಯಿತು. ರಾಜಿ ಮಾಡಿಕೊಳ್ಳಲು ಬಂದಿದ್ದಾರೆ, ಸ್ವಲ್ಪ ಹೊತ್ತು ಬಡಿದುಕೊಳ್ಳಲಿ ಅಂದುಕೊಂಡೆ. ಎಂಟು ಗಂಟೆಯವರೆಗೆ ಬಿಟ್ಟು ಬಿಟ್ಟು ಬಡಿಯಿತು. ನಾನು ಎದುರಿಗೆ ಕೂತು ಪೇಪರು ಓದಿದೆ. ನಮ್ಮ ಪಕ್ಷದ ಸುದ್ದಿ ಇದ್ದ ಪುಟವನ್ನು ಎರಡು ಸಲ ಓದಿದ್ದು ನೆನಪಿದೆ.

ಆ ಇನ್ನೊಂದು ಮಾತು ಏನೆಂದರೆ, ಅವರ ಚೌಕಿಯ ಬಳಿ ಕಾಲುವೆಯ ಏರಿ ಜಿನುಗುತ್ತಿತ್ತು. ಹುಸೇನಪ್ಪ ತನ್ನ ತೂಬು ಎತ್ತಿ ನೀರನ್ನು ಹಳ್ಳಕ್ಕೆ ಬಿಟ್ಟಿದ್ದರೆ ಏರಿ ಉಳಿಯುತ್ತಿತ್ತು. ಆದರೆ ಹೊಸಪೇಟೆಯ ಅಪ್ಪಣೆ ಇಲ್ಲದೆ ಅವನು ತೂಬು ಮುಟ್ಟುವ ಹಾಗಿರಲಿಲ್ಲ, ಅಪ್ಪಣೆ ತಿಳಿಸಬೇಕಾದವನು ನಾನು. ಎಂಟರ ಹೊತ್ತಿಗೆ ಒಂದು ಬಂಡಿ ಹಾಯುವಷ್ಟು ಅಗಲ ಏರಿ ಒಡೆಯಿತು. ನೀರು ಗಾದಿಲಿಂಗಪ್ಪನವರ ಚೌಕಿಗೆ ನುಗ್ಗಿತು, ಪಕ್ಕದಲ್ಲಿ ಅವರೇ ಬೆಳೆಸಿದ್ದ ಮೂವತ್ತು ಬಾಳೆಗಿಡ ಗೊನೆ ಸಮೇತ ಮಲಗಿದವು. ಅವರು ಮಣ್ಣಿನ ಚೀಲ ಹೊರುವುದು, ಓಡಿ ಬಂದು ಹಿಡಿಕೆ ತಿರುವುವುದು, ಮತ್ತೆ ಚೀಲ ಹೊರುವುದು, ಎರಡು ತಾಸು ಇದನ್ನೇ ಮಾಡಿದ್ದರು. ಜೀವಕ್ಕೆ ಏನೂ ಆಗಲಿಲ್ಲ ಎಂಬುದು ನನ್ನ ಪುಣ್ಯ.

ವಿಚಾರಣೆಗೆ ರಿಜಿಸ್ಟರು ತರಿಸಿದರು. ಅವತ್ತಿನ ಪುಟದಲ್ಲಿ ಗಾದಿಲಿಂಗಪ್ಪನವರ ಗುಂಡಗಿನ ಅಕ್ಷರದಲ್ಲಿ ಒಂದೇ ಸಾಲು: "ಬೆಳಿಗ್ಗೆ ಆರರಿಂದ ಎಂಟರವರೆಗೆ ಲೈನು ಕೆಟ್ಟಿತ್ತು." ಹುಸೇನಪ್ಪನನ್ನು ಕೇಳಿದರು. ಆ ಎರಡು ತಾಸೂ ಗಂಟೆ ಕೇಳಿಸಿಕೊಂಡರೂ ತನ್ನದಲ್ಲವೆಂದು ಬಾಯಿ ಬಿಡದೆ ಕೂತಿದ್ದ ಅವನು ಕೆಮ್ಮಿ, "ಹೌದ್ರಿ, ಕೆಟ್ಟಿತ್ರಿ" ಅಂದ. ನಾನೂ ಸಹಿ ಹಾಕಿದೆ.

ಗಾದಿಲಿಂಗಪ್ಪನವರಿಗೆ ನಿಜ ಗೊತ್ತಿತ್ತೇ? ಹಿಡಿಕೆ ತಿರುವುವವರಿಗೆ ಆಚೆ ಗಂಟೆ ಬಡಿದದ್ದು ತಿಳಿಯುವುದಿಲ್ಲ, ಹಾಗಾಗಿ ಅವರು ಲೈನು ಕೆಟ್ಟಿದೆ ಎಂದೇ ನಂಬಿರಬಹುದು. ಇಲ್ಲವೇ ಎಲ್ಲ ತಿಳಿದೇ ಬರೆದಿರಬಹುದು. ಅವರಾಗಿ ಆ ಮಾತು ಎತ್ತಲಿಲ್ಲ, ನನಗೆ ಕೇಳುವ ಧೈರ್ಯ ಬರಲಿಲ್ಲ. ಮುಂದಿನ ವಾರ ಫೋನಿನಲ್ಲಿ ಇಷ್ಟೇ ಅಂದರು:

"ಆಚಾರ್ರ, ಇನ್ನು ಮ್ಯಾಲ ಓಟಿನ ಮಾತಿಗೂ ನೀರಿನ ಮಾತಿನ ಕ್ರಮಾನ ಇರಲ್ರಿ. ನಾ ಹೇಳಿದ್ದು ಮೊದಲು ತಿರುಗಿ ಹೇಳ್ರಿ. ಸಿಟ್ಟು ಬಂದಿದ್ರೂ ಹೇಳ್ರಿ. ನಾ ಬರೋಬ್ಬರಿ ಅಂದ ಮ್ಯಾಲ ನೀವು ಬೈರಿ. ನಾನೂ ಹಂಗ ಮಾಡ್ತೀನಿ."

ಸುಲಭ ಅನ್ನಿಸಿ ಒಪ್ಪಿಕೊಂಡೆ. ಅದರ ಕಷ್ಟ ಮೊದಲ ದಿನವೇ ತಿಳಿಯಿತು. "ನಿಮ್ಮ ಅಣ್ಣ ಇಪ್ಪತ್ತು ವರ್ಷ ಬೇರೆಯವರ ಹೊಲ ಉತ್ತಾನ, ತನ್ನದಂತ ಒಂದು ಬದು ಇದ್ದಿಲ್ಲ, ಈಗ ತನ್ನ ಬದುವಿನ ಮ್ಯಾಲ ನಿಂತು ಬುತ್ತಿ ಬಿಚ್ಚತಾನ" ಎಂದು ನನ್ನ ಬಾಯಿಂದ ನಾನೇ ಹೇಳಬೇಕಾಯಿತು. "ನೋಡಿ ನನ್ನ ಕಣ್ಣಾಗ ನೀರು ಬಂದ್ವು ಅಂದಿದ್ನೆಲ್ರಿ, ಅದನ್ನ ಬಿಟ್ರಿ" ಎಂದು ತಿದ್ದಿದರು. ಅದನ್ನೂ ಸೇರಿಸಿ ಹೇಳಿದೆ. ಆಮೇಲೆ ಬೈಯಬೇಕೆಂದು ಇಟ್ಟುಕೊಂಡಿದ್ದ ಮಾತು ಎಲ್ಲಿ ಹೋಯಿತೋ ಸಿಗಲಿಲ್ಲ.

ಅವರ ಸರದಿಯೂ ಬಂತು. ನಮ್ಮ ತಾಯಿಯ ಮಾತು ಹೇಳಿದ್ದೆ. ಅವರು ತಂತಿಯ ಆ ತುದಿಯಿಂದ ಕೂಗಿದರು: "ನಿಮ್ಮ ತಾಯಾರು ಸುಗ್ಗಿಯ ಮೊದಲನೇ ಅಕ್ಕಿ ದೇವರ ಮುಂದ ಇಟ್ಟು ಆಮ್ಯಾಲ ಉಣ್ತಿದ್ರು. ಈಗ ಅಂಗಡಿ ಅಕ್ಕಿ ಇಡ್ತಾರ. ಇಡುವಾಗ ಏನೂ ಮಾತಾಡಂಗಿಲ್ಲ. ಅದನ್ನ ನೋಡಾಕ ನಿಮಗ ಆಗಂಗಿಲ್ಲ. ಬರೋಬ್ಬರಿ ಐತೇನ್ರಿ?"

ಬರೋಬ್ಬರಿ ಇತ್ತು. ಹಾಗೆಯೇ ಹೇಳಿದೆ. ಹುಸೇನಪ್ಪ ಕೂಡ ಕೆಮ್ಮಲಿಲ್ಲ. ಇಬ್ಬರೂ ನಮ್ಮ ನಮ್ಮ ಪಕ್ಷಕ್ಕೇ ಓಟು ಹಾಕಿದೆವು, ಅದರಲ್ಲಿ ಏನೂ ಬದಲಾಗಲಿಲ್ಲ.

ಮುಂದಿನ ಚುನಾವಣೆಯ ಹೊತ್ತಿಗೆ ಹೊಸ ಇಂಜಿನಿಯರ್ ಸಾಹೇಬರು ಬಂದರು. ಒಂದು ಮಧ್ಯಾಹ್ನ ಅವರು ಫೋನೆತ್ತಿದಾಗ ನಾನು ಗಾದಿಲಿಂಗಪ್ಪನವರ ಪಕ್ಷವನ್ನು ಹೊಗಳುತ್ತಿದ್ದೆ. ಮಾರನೆಯ ದಿನ ಎತ್ತಿದಾಗ ಗಾದಿಲಿಂಗಪ್ಪನವರು ನನ್ನ ಪಕ್ಷವನ್ನು ಹಾಡಿ ಹರಸುತ್ತಿದ್ದರು. ಸರ್ಕಾರಿ ಫೋನಿನಲ್ಲಿ ಪ್ರಚಾರ ಮಾಡಿದ್ದಕ್ಕೆ ಇಬ್ಬರಿಗೂ ನೋಟೀಸು ಬಂತು. ನನ್ನ ಹೆಸರಿನ ಎದುರು ಅವರ ಪಕ್ಷ, ಅವರ ಹೆಸರಿನ ಎದುರು ನನ್ನ ಪಕ್ಷ. ಇಲ್ಲ ಸ್ವಾಮಿ, ನಾನು ಆ ಪಕ್ಷದವನಲ್ಲ, ಇನ್ನೊಂದು ಪಕ್ಷದವನು ಎಂದರೆ ಅದಕ್ಕೊಂದು ನೋಟೀಸು. ಆ ಪೇಚಿನಲ್ಲೇ ಗಾದಿಲಿಂಗಪ್ಪನವರು ಬಸ್ಸು ಹತ್ತಿ ಹೊಸಪೇಟೆಗೆ ಬಂದರು, ನಾನು ಅವರನ್ನು ಮೊದಲ ಸಲ ಕಂಡೆ. ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತಿದ್ದ ಗಿಡ್ಡ ಮನುಷ್ಯ "ಆಚಾರ್ರ" ಅಂದಾಗ ದನಿಯ ಯಜಮಾನರು ಹಿಂದೆ ಇದ್ದಾರೇನೋ ಎಂದು ಹಣಿಕಿ ನೋಡಿದೆ.

"ಏನ್ರಿ ಇದು?" ಅಂದರು ಸಾಹೇಬರು.

"ಮಟ್ಟ ಹೇಳಿದ್ರ ತಿರುಗಿ ಹೇಳಬೇಕಂತ ಇಲಾಖೆ ಆರ್ಡರ್ ಐತ್ರಿ ಸಾಹೇಬ್ರ. ಅವರ ಮಾತು ನಾ ತಿರುಗಿ ಹೇಳಿದ್ದು, ನನ್ನ ಮಾತು ಅವರು. ನಮ್ಮ ನಮ್ಮ ಮಾತು ಹೇಳೂದ್ರಾಗ ನೀವು ಫೋನ್ ಇಟ್ಬಿಟ್ರಿ."

ಸಾಹೇಬರು ಎರಡೂ ನೋಟೀಸು ಕೈಗೆತ್ತಿಕೊಂಡರು. "ಇನ್ನು ಮೇಲೆ ಲೈನಿನಲ್ಲಿ ನೀರಿನ ಮಾತು ಮಾತ್ರ" ಅಂದರು.

"ಇನ್ನು ಮ್ಯಾಲ ಲೈನಿನ್ಯಾಗ ನೀರಿನ ಮಾತಷ್ಟ. ಬರೋಬ್ಬರಿ ಐತೇನ್ರಿ?"

"ಬರೋಬ್ಬರಿ" ಅಂದುಬಿಟ್ಟರು ಸಾಹೇಬರು. ಅಂದ ಮೇಲೆ ಅವರಿಗೇ ನಗು ಬಂತು, ನೋಟೀಸು ಡ್ರಾಯರಿಗೆ ಹೋಯಿತು.

ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಎದುರು ಮಿರ್ಚಿ, ಮಂಡಕ್ಕಿ ಒಗ್ಗರಣಿ ತಿನ್ನಲು ಕೂತೆವು. ನಾನು ಈರುಳ್ಳಿ ತಿನ್ನುವುದಿಲ್ಲ ಎಂದು ಫೋನಿನಲ್ಲಿ ಯಾವಾಗಲೋ ಹೇಳಿದ್ದೆ. ನಾನು ಬಾಯಿ ತೆಗೆಯುವ ಮೊದಲೇ ಅವರು, "ಇವರಿಗೆ ಉಳ್ಳಾಗಡ್ಡಿ ಬ್ಯಾಡ. ತಿರುಗಿ ಹೇಳಪಾ" ಎಂದರು. ಹೋಟೆಲಿನವನು ಅವರನ್ನು ವಿಚಿತ್ರವಾಗಿ ನೋಡಿ ತಿರುಗಿ ಹೇಳಿದ, ಉಳ್ಳಾಗಡ್ಡಿ ಹಾಕಿಯೇ ತಂದ. ನಾನು ಆರಿಸಿ ಆರಿಸಿ ತಿಂದೆ.

ಸಾಹೇಬರ ಆರ್ಡರ್ ಮೂರು ವಾರ ನಡೆಯಿತು. ಓಟಿನ ಹಿಂದಿನ ದಿನ, ನಾವಿಬ್ಬರೂ ಮತ್ತೆ ಮಾತಿಗೆ ಬಿದ್ದಾಗ, ಮೂರನೆಯ ದನಿಯೊಂದು ನಡುವೆ ಬಂತು. "ನೋಡ್ರಿ, ನಾನೊಂದು ಮಾತು ಹೇಳ್ತೀನಿ." ಸಾಹೇಬರು! ನನಗೆ ಬೆವರು ಬಂತು. ಗಾದಿಲಿಂಗಪ್ಪನವರಿಗೆ ಏನೂ ಬರಲಿಲ್ಲ. "ಹೇಳ್ರಿ ಸಾಹೇಬ್ರ. ಮೊದಲು ಆಚಾರ್ರು ಹೇಳಿದ್ದು ತಿರುಗಿ ಹೇಳಿ, ಆಮ್ಯಾಲ ನಿಮ್ಮದು ಹೇಳ್ರಿ" ಅಂದರು. ಸಾಹೇಬರು ತಿರುಗಿ ಹೇಳಿದರು. ಎರಡು ಕಡೆ ತಪ್ಪಿದರು.

ಎಂಬತ್ತರ ದಶಕದ ಕೊನೆಗೆ ಚೌಕಿಗಳಿಗೆ ವೈರ್‌ಲೆಸ್ ಬಂತು, ತಂತಿ ಬಿಚ್ಚಿದರು. ಆ ಹೊತ್ತಿಗೆ ಗಾದಿಲಿಂಗಪ್ಪನವರು ನಿವೃತ್ತರಾಗಿ ಕಂಪ್ಲಿಯಲ್ಲಿ ಮಗಳ ಮನೆಯಲ್ಲಿದ್ದರು. ಅವರು ತೀರಿಕೊಳ್ಳುವುದಕ್ಕೆ ಎರಡು ತಿಂಗಳ ಮೊದಲು, ಮತ್ತೊಂದು ಚುನಾವಣೆಯ ಗದ್ದಲದಲ್ಲಿ, ನೋಡಲು ಹೋದೆ. ಹೋಗುವ ದಾರಿಯುದ್ದಕ್ಕೂ ಒಂದೇ ನಿಶ್ಚಯ: ಈ ಸಲ ಹೇಳಿಬಿಡಬೇಕು. ಹದಿನೈದು ವರ್ಷ ಎದೆಯಲ್ಲಿಟ್ಟುಕೊಂಡು ಸಾಕಾಗಿತ್ತು.

ಮೈ ಇನ್ನೂ ಸಣ್ಣದಾಗಿತ್ತು. ಫೋನು ಹಿಡಿಯುತ್ತಿದ್ದ ಎಡಗಿವಿ ಪೂರಾ ಹೋಗಿತ್ತು, ಬಲಗಿವಿಗೆ ಕೂಗಿದರೆ ಕೇಳುತ್ತಿತ್ತು. "ಈ ಸಲ ಯಾರಿಗ್ರಿ ಆಚಾರ್ರ?" ಅಂದರು. ಹೇಳಿದೆ. ತಿರುಗಿ ಹೇಳಿದರು. ಅವರದು ಹೇಳಿದರು. ನಾನು ತಿರುಗಿ ಹೇಳಿದೆ. ಮಗಳು ಚಹಾ ತಂದಿಟ್ಟಳು. ಓಣಿಯಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳುತ್ತಿದ್ದರು.

ಮೆಲ್ಲಗೆ ಹೇಳಬೇಕೆಂದು ಕಟ್ಟಿಕೊಂಡು ಹೋಗಿದ್ದ ಮಾತನ್ನು ಇಡೀ ಓಣಿಗೆ ಕೇಳುವಂತೆ ಕೂಗಬೇಕಾಯಿತು.

"ಏರಿ ಒಡೆದ ದಿನ ಗಂಟೆ ಕೇಳಿಸಿತ್ರಿ! ನಾ ಬೇಕಂತಲೇ ಫೋನ್ ಎತ್ತಲಿಲ್ಲ!"

ಗಾದಿಲಿಂಗಪ್ಪನವರು ಚಹಾದ ಲೋಟ ಕೆಳಗಿಟ್ಟರು.

"ಏರಿ ಒಡೆದ ದಿನ ಗಂಟೆ ಕೇಳಿಸಿತ್ತು. ನೀವು ಬೇಕಂತಲೇ ಎತ್ತಲಿಲ್ಲ" ಅಂದರು. ದನಿ ಹಳೆಯ ದನಿಯೇ. "ಬರೋಬ್ಬರಿ ಐತೇನ್ರಿ?"

"ಬರೋಬ್ಬರಿ" ಅಂದೆ.

"ಈಗ ನಂದು ಕೇಳ್ರಿ. ಅವತ್ತು ಬೆಳಿಗ್ಗೆ ಆರರಿಂದ ಎಂಟರ ತನಕ ಲೈನು ಕೆಟ್ಟಿತ್ತು." ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕಾದರು. "ತಿರುಗಿ ಹೇಳ್ರಿ, ಆಚಾರ್ರ."

ಅವರು ಕಾದೇ ಇದ್ದರು, ನೀರಿನ ಮಟ್ಟ ಹೇಳಿ ಕಾಯುತ್ತಿದ್ದವರ ಹಾಗೆಯೇ. ಕಡೆಗೆ ಹೇಳಿದೆ:

"ಅವತ್ತು ಬೆಳಿಗ್ಗೆ ಆರರಿಂದ ಎಂಟರ ತನಕ ಲೈನು ಕೆಟ್ಟಿತ್ತು."

"ಬರೋಬ್ಬರಿ" ಅಂದರು ಗಾದಿಲಿಂಗಪ್ಪನವರು, ಲೋಟ ಎತ್ತಿಕೊಂಡು ಚಹಾ ಕುಡಿದರು.